ಹಿಂದಿನ ಬಾಗಿಲಿನವಳು

ಏಪ್ರಿಲ್ 9, ಬೆಳಿಗ್ಗೆ

ಇವತ್ತೂ ಷೂ ಹಾಕಿಕೊಳ್ಳಲು ಇವರಿಗೆ ಒಂದು ಯುಗ. ಲೇಸು ಕಟ್ಟಲು ಬಗ್ಗಿದೆ — ಕೈ ತಳ್ಳಿದರು. "ಬಿಡೇ, ಇಷ್ಟು ವರ್ಷ ಬ್ರೇಕ್ ತುಳಿದ ಕಾಲಿದು. ಇದರ ಬುದ್ಧಿ ನಂಗೊತ್ತು." ಸರಿ ಮಹರಾಯ, ನಿನ್ನ ಕಾಲು, ನಿನ್ನ ಲೇಸು.

ಹೊಸ್ತಿಲ ಹತ್ತಿರ ಬಂದು ಗಕ್ಕನೆ ನಿಂತರು. ಪಾದಕ್ಕೆ ಅಂಟು ಹಾಕಿದ ಹಾಗೆ. ನಡುಕದ ಕಾಯಿಲೆಯಲ್ಲಿ ಹೀಗೂ ಆಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮನಸ್ಸು ಹೋಗು ಅನ್ನುತ್ತದೆ, ಕಾಲು ಕೇಳುವುದಿಲ್ಲ. ಬರಬರುತ್ತಾ ಹೆಚ್ಚಾಗುತ್ತದಂತೆ.

ಮಗಳು-ಅಳಿಯ ರಜೆಗೆಂದು ಸರೋವರದ ಪಕ್ಕ ಈ ಬಾಡಿಗೆ ಮನೆ ಹಿಡಿದು ನಮ್ಮನ್ನೂ ಕರೆತಂದಿದ್ದಾರೆ, "ಆರಾಮಾಗಿ ಇರಿ" ಅಂತ. ಆರಾಮ ಯಾರಿಗೆ ಬೇಕು? ಮೇ ನಾಲ್ಕಕ್ಕೆ ನಡಿಗೆ ಸಂಘದವರು ಸರೋವರ ಸುತ್ತಲು ಹೊರಡುತ್ತಾರೆ, ಮೂರು ದಿನದ ನಡಿಗೆ. ಇವರು ಯಾರನ್ನೂ ಕೇಳದೆ ನಮ್ಮಿಬ್ಬರ ಹೆಸರು ಕೊಟ್ಟು ಬಂದಿದ್ದಾರೆ. "ಆಯುಷ್ಯವೆಲ್ಲ ಬಸ್ಸು ಹೋಗೋ ದಾರೀಲೇ ಹೋದೆ. ಬಸ್ಸು ಹೋಗದ ದಾರಿ ಒಂದಾದ್ರೂ ನೋಡ್ಬೇಡ್ವಾ? ಕಾಲು ಇರೋವಾಗ?"

ಕಾಲು ಇರೋವಾಗ.

ಅದೇ ದಿನ, ಮಧ್ಯಾಹ್ನ

ಬರೆಯದೆ ಇರಲಾಗುತ್ತಿಲ್ಲ. ಸಾಮಾನು ತರಲು ಹೊರಟಿದ್ದೆವು. ಮತ್ತೆ ಹೊಸ್ತಿಲಲ್ಲಿ ಕಂಬ. ನಾನು ಹಿಂದೆ, ಕೈಯಲ್ಲಿ ಚೀಲ, ತಲೆಯಲ್ಲಿ ಸಿಟ್ಟು. ಬಾಯಿಂದ ತಾನಾಗಿಯೇ ಬಂತು — "ರೈಟ್! ರೈಟ್ ಹೋಗ್ಲಿ!"

ಹೊರಟೇಬಿಟ್ಟರು! ಎಡಗಾಲು, ಬಲಗಾಲು, ಮೆಟ್ಟಿಲು, ಗೇಟು.

ಇಬ್ಬರೂ ರಸ್ತೆಯಲ್ಲಿ ನಿಂತು ಹುಚ್ಚರ ಹಾಗೆ ನಕ್ಕೆವು. ಒಂದೇ ಬಸ್ಸಿನಲ್ಲಿ ಇವರು ಡ್ರೈವರು, ನಾನು ಕಂಡಕ್ಟರು. ಮದುವೆಗೂ ಮೊದಲಿಂದ. ನನ್ನ "ರೈಟ್" ಇಲ್ಲದೆ ಇವರು ಒಂದು ಸ್ಟಾಪಿನಿಂದಲೂ ಗಾಡಿ ಎತ್ತಿದವರಲ್ಲ. ತಲೆ ಮರೆತರೂ ಕಾಲಿಗೆ ನೆನಪಿದೆ ನೋಡು.

ಏಪ್ರಿಲ್ 12

ದಿನಾ ಬೆಳಿಗ್ಗೆ ಪ್ರಾಕ್ಟೀಸು. ಇವರು ಮುಂದೆ, ನಾನು ಹಿಂದೆ. ಕಾಲು ಕಚ್ಚಿಕೊಂಡಿತೋ — ರೈಟ್. ಮರದ ಸೇತುವೆಯವರೆಗೆ ಹೋಗಿ ಬಂದೆವು. ವಾಪಸು ಬರುವಾಗ ಕಾಲುದಾರಿಯೇ ಸರಿಯಿಲ್ಲ, ಯಾರು ಹಾಕಿದರೋ ಇದನ್ನ ಎಂದು ಬೈದುಕೊಂಡರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂದೆ. ಒಂದು ಫರ್ಲಾಂಗು ಮಾತು ಬಿಟ್ಟರು.

ಅಳಿಯನಿಗೆ ಭಾರಿ ತಮಾಷೆ. "ಅತ್ತೆ, ನಂಗೂ ಒಂದು ಟಿಕೆಟ್ ಕೊಡಿ." "ಚಿಲ್ಲರೆ ಇದ್ರೆ ಹತ್ತು, ಇಲ್ದಿದ್ರೆ ಇಳಿ" ಅಂದೆ.

ಮಗಳು ನಗಲಿಲ್ಲ. ಪಾತ್ರೆ ಒರೆಸುತ್ತಾ ನಿಧಾನಕ್ಕೆ ಕೇಳಿದಳು. "ಅಪ್ಪನ್ನ ಏನು ಬಸ್ಸು ಅಂದ್ಕೊಂಡಿದೀಯಾಮ್ಮ? ನೀನು ಹಿಂದೆ ನಿಂತು ಕೂಗೋದು, ಅವರು ಹೊರಡೋದು. ಬಿದ್ರೆ?"

"ಬೀಳಲ್ಲ. ನಾನಿದೀನಲ್ಲ."

"ಹಿಂದೆ ಇದೀಯ."

ನಿನ್ನೆ ಮೊನ್ನೆ ಹುಟ್ಟಿದವಳು ನನಗೆ ಹೇಳಿಕೊಡುವುದಾ! ಎದ್ದು ಬಂದೆ.

ಏಪ್ರಿಲ್ 16, ಸಂಜೆ

ಸೇತುವೆ ದಾಟಿ, ದೋಣಿ ಶೆಡ್ಡು ದಾಟಿ, ಆಚೆ ಜೊಂಡಿನವರೆಗೆ! ಅಲ್ಲಿ ಕಲ್ಲಿನ ಮೇಲೆ ಕೂತೆವು. ನೀರು ಹತ್ತಿರ, ಸದ್ದೇ ಇಲ್ಲ. ಇವರ ಕೈ ತೊಡೆಯ ಮೇಲೆ ಕುಣಿಯುತ್ತಿತ್ತು. ಮೇಲೆ ನನ್ನ ಕೈ ಇಟ್ಟೆ.

"ಇಷ್ಟು ವರ್ಷ ನಿನ್ನ ಮುಖಾನೇ ನೋಡ್ಲಿಲ್ಲ ಕಣೆ," ಅಂದರು. "ಬರೀ ದನಿ. ಹಿಂದಿನ ಬಾಗಿಲಿಂದ."

"ಮನೇಲಿ ಇದ್ನಲ್ರೀ, ಅಲ್ಲೂ ಕಣ್ಣು ಮುಚ್ಕೊಂಡಿದ್ರಾ?"

"ಮನೇಲಿ ಇಬ್ರೂ ನಿದ್ದೆ ಮಾಡ್ತಿದ್ವಿ."

ಖುಷಿಯಾಗಿದ್ದೇನೆ. ಬರೆದಿಡುತ್ತೇನೆ, ಹಾಗೇ. ತುಂಬಾ ಖುಷಿಯಾಗಿದ್ದೇನೆ.

ಏಪ್ರಿಲ್ 22, ಆಸ್ಪತ್ರೆ

ಇಷ್ಟು ದಿನ ಪೆನ್ನು ಹಿಡಿಯಲಾಗಲಿಲ್ಲ.

ಹದಿನೇಳರ ಬೆಳಿಗ್ಗೆ. ಕಾಲುದಾರಿ ಮುಗಿದು ಟಾರು ರಸ್ತೆ ದಾಟುವ ಜಾಗ. ಅಂಚಿನಲ್ಲಿ ಇವರ ಕಾಲು ಕಚ್ಚಿಕೊಂಡಿತು. ನಾನು ಹಿಂದೆ ತಿರುಗಿ ನೋಡಿದೆ. ಒಬ್ಬಳು ಮಗುವಿನ ಗಾಡಿ ತಳ್ಳಿಕೊಂಡು ಬರುತ್ತಿದ್ದಳು, ಪಕ್ಕಕ್ಕೆ ಸರಿದು ಹೋಗಲು ಬಿಟ್ಟೆ. ಎಡಕ್ಕೆ ತಿರುಗಿ ಹೋದಳು. ಮತ್ತೆ ಹಿಂದೆ ನೋಡಿದೆ. ಯಾರೂ ಇಲ್ಲ. ರೈಟ್ ಅಂದೆ.

ಮುಂದೆ ನೋಡಲಿಲ್ಲ.

ಬಾಗಿಲು ನನ್ನದು, ರಸ್ತೆ ಇವರದು. ನಮ್ಮ ಕೆಲಸದಲ್ಲಿ ಯಾವತ್ತೂ ಹಾಗೇ. ಹತ್ತುವವರು ಹತ್ತಿದರಾ, ಇಳಿಯುವವರು ಇಳಿದರಾ, ಅಷ್ಟು ಕಂಡರೆ ನನ್ನ ಡ್ಯೂಟಿ ಮುಗಿಯಿತು. ಮುಂದೆ ಲಾರಿಯೋ ದನವೋ, ಅದು ಸ್ಟೇರಿಂಗ್ ಹಿಡಿದವರ ಪಾಲು. ಬಸ್ಸಿನಲ್ಲಿ ಒಂದು ದಿನವೂ ತಪ್ಪಲಿಲ್ಲ. ಇಲ್ಲಿ ಬಸ್ಸಿರಲಿಲ್ಲ. ಸ್ಟೇರಿಂಗ್ ಇರಲಿಲ್ಲ.

ಹಾಲಿನ ವ್ಯಾನು. ಪಾಪ, ಅವನು ಬ್ರೇಕ್ ಹಾಕಿದ. ತಗುಲಿದ್ದು ಅಂಚು ಮಾತ್ರ. ಇವರ ಸೊಂಟದ ಮೂಳೆ ಹೋಯಿತು. ಮಾರನೆಯ ದಿನ ಆಪರೇಷನ್ ಆಯಿತು.

ಏಪ್ರಿಲ್ 24

ಇವರು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಾರೆ. ನರ್ಸಿಗೆ, ಅಳಿಯನಿಗೆ, ಪಕ್ಕದ ಮಂಚದವನಿಗೆ: "ಅವಳು ನಿಲ್ಲಿ ಅಂದ್ಲು, ನಾನೇ ನುಗ್ಗಿದೆ. ಡ್ರೈವರ್ ತಪ್ಪು."

ತಡೆಯಲಾಗಲಿಲ್ಲ. ಮಗಳ ಎದುರೇ ಹೇಳಿಬಿಟ್ಟೆ. "ಸುಳ್ಳು ಕಣೇ. ನಾನು ರೈಟ್ ಅಂದೆ. ಮುಂದೆ ನೋಡದೆ ಅಂದೆ."

ಬೈಯಲಿ ಅಂತಲೇ ಹೇಳಿದ್ದು. ಬೈಯಲಿಲ್ಲ. ನನ್ನ ಸೆರಗು ನೆಲಕ್ಕೆ ತಾಗುತ್ತಿತ್ತು, ಎತ್ತಿ ಮಡಿಲಲ್ಲಿ ಇಟ್ಟಳು. "ಊಟ ಮಾಡಿದ್ಯಾ?" ಅಂದಳು.

ಅವಳು ಹೊರಗೆ ಹೋದ ಮೇಲೆ ಇವರನ್ನು ಕೇಳಿದೆ. "ವ್ಯಾನು ಕಾಣ್ಲಿಲ್ವೇನ್ರೀ?"

"ಕಾಣ್ತು. ಕಾಲು ಹೊರಟುಬಿಡ್ತು."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನನಗೆ.

ಏಪ್ರಿಲ್ 30

ಮತ್ತೆ ಬಾಡಿಗೆ ಮನೆ. ಇಷ್ಟು ಬೇಗ ದೂರದ ಪ್ರಯಾಣ ಬೇಡ ಅಂದಿದ್ದಾರೆ. ಅಳಿಯ ಕೆಲಸಕ್ಕೆ ವಾಪಸು ಹೋದ. ಮಗಳು ರಜೆ ಮುಂದುವರಿಸಿದಳು.

ಮಲಗಿಸಿಬಿಟ್ಟರೆ ಕಾಲು ಮತ್ತೆ ಬರುವುದಿಲ್ಲ, ದಿನಾ ನಡೆಸಿ — ಡಾಕ್ಟರು ಕಡ್ಡಾಯ ಮಾಡಿದ್ದಾರೆ. ಬೆಳಿಗ್ಗೆ ಎಬ್ಬಿಸಿ ವಾಕರ್ ಹಿಡಿಸಿದೆ. ಹಿಂದೆ ನಿಂತೆ. ಮೆಲ್ಲಗೆ ಅಂದೆ — ರೈಟ್.

ಇವರ ಬೆನ್ನು ಬಿಗಿಯಿತು. ನನ್ನ ಕಣ್ಣೆದುರಿಗೇ, ಬನಿಯನ್ನಿನ ಒಳಗೆ. ಕುತ್ತಿಗೆವರೆಗೂ ನಡುಕ. ಕಾಲು ಕದಲಲಿಲ್ಲ.

ಇನ್ನೊಮ್ಮೆ ಅನ್ನಲಿಲ್ಲ. ಎದುರಿಗೆ ಬಂದು ಎರಡೂ ಕೈ ಹಿಡಿದೆ. ಕೂರಿಸಿಬಿಟ್ಟೆ.

"ನಂಗೆ ಭಯ ಇಲ್ಲ ಕಣೆ," ಅಂದರು. "ಕಾಲಿಗೆ."

ಮೇ 2

ಮಗಳು ನಡೆಸುತ್ತಾಳೆ. ಮುಖಕ್ಕೆ ಮುಖ ಕೊಟ್ಟು, ತಾನು ಹಿಂದಕ್ಕೆ ಹೆಜ್ಜೆ ಇಡುತ್ತಾ, "ಬಾ ಅಪ್ಪ, ಬಾ ಬಾ." ಇವರೇ ಅವಳಿಗೆ ನಡೆಯಲು ಕಲಿಸಿದ್ದು ಹೀಗೆ. ಆಗ ನನಗೆ ಡ್ಯೂಟಿ ಇತ್ತು, ನೋಡಲಿಲ್ಲ.

ಮಂಚದಿಂದ ಕಿಟಕಿವರೆಗೆ ಬಂದರು. ನಾನು ಬಟ್ಟೆ ಮಡಚುತ್ತಾ ಮೂಲೆಯಲ್ಲಿ ಇದ್ದೆ. ತಿರುಗುವಾಗ ಕಣ್ಣಿಗೆ ಬಿದ್ದೆ. ನಿಂತುಬಿಟ್ಟರು. ಮಗಳು ಎಷ್ಟು ಕರೆದರೂ ಇಲ್ಲ.

ಬಟ್ಟೆ ಎತ್ತಿಕೊಂಡು ಹೊರಗೆ ಬಂದೆ. ಎರಡು ನಿಮಿಷಕ್ಕೆ ಒಳಗಿಂದ ವಾಕರಿನ ಸದ್ದು ಕೇಳಿತು.

ಮಗಳು ಸಂಜೆ ನನ್ನ ಹತ್ತಿರ ಬಂದು ಕೂತಳು. ನಾನೇ ಹೇಳಿದೆ: "ನಡೆಸೋ ಹೊತ್ತಲ್ಲಿ ನಾನು ಅಡುಗೆಮನೇಲಿ ಇರ್ತೀನಿ ಬಿಡು." ಅವಳು ಅತ್ತಳು. ನಾನು ಅಳಲಿಲ್ಲ. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇಷ್ಟು ವರ್ಷ ನನ್ನ ದನಿಗೆ ಹೊರಟವರು…

ಮೇ 4, ಬೆಳಿಗ್ಗೆ

ಆಗಲೇ ಸಂಘದವರು ಹೊರಟರು. ಅಡುಗೆಮನೆ ಕಿಟಕಿಯಿಂದ ಕಂಡಿತು. ಬೆನ್ನಿಗೆ ಚೀಲ, ತಲೆಗೆ ಟೋಪಿ, ವಯಸ್ಸಾದವರೆಲ್ಲ ಶಾಲೆ ಮಕ್ಕಳ ಹಾಗೆ ಗಲಾಟೆ ಮಾಡುತ್ತಾ ದೋಣಿ ಶೆಡ್ಡಿನ ಕಡೆ ಹೋದರು. ಇವರಿಗೂ ಕೇಳಿಸಿರಬೇಕು.

ಈಗ ಒಳಗೆ ನಡೆಯುತ್ತಿದ್ದಾರೆ. ಇಲ್ಲೇ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬಾಗಿಲು ಅರ್ಧ ಮುಚ್ಚಿದೆ. ಹೆಜ್ಜೆ ಚೆನ್ನಾಗಿದೆ, ನಿನ್ನೆಗಿಂತ ಚೆನ್ನಾಗಿದೆ.

"ಅಮ್ಮ ಎಲ್ಲಿ?" — ಇವರ ದನಿ.

"ಅಂಗಡಿಗೆ ಹೋಗಿದಾಳೆ, ಅಪ್ಪ."

"ಹೌದಾ. ಬಾ ಹಾಗಾದ್ರೆ. ಅವಳು ಬರೋದ್ರೊಳಗೆ ಇನ್ನೊಂದು ಸುತ್ತು ಹೋಗೋಣ."

ನಡುಮನೆ ದಾಟಿದರು. ಇಷ್ಟು ದೂರ ಇದೇ ಮೊದಲು. ನಿಲ್ಲಲೇ ಇಲ್ಲ. ದೇವರೇ, ನಿಲ್ಲದಿರಲಿ.

ನೀರು ಕೇಳುತ್ತಿದ್ದಾರೆ. ತಾನು ತರುತ್ತೇನೆ ಎಂದು ಮಗಳು ಅಂದರೆ, "ಬೇಡ, ನಾನೇ ಬರ್ತೀನಿ, ನಡೀತಾ ಇದೀನಲ್ಲ" ಅನ್ನುತ್ತಿದ್ದಾರೆ. ವಾಕರು ಈ ಕಡೆಗೇ ತಿರುಗಿತು. ಅಡುಗೆಮನೆಗೆ ಇರುವುದು ಒಂದೇ ಬಾಗಿಲು. ನಾನು ಎಲ್ಲಿ ಅಡಗಿಕೊ—