ರೆಕಾರ್ಡಿನಲ್ಲಿ ನಿನ್ನ ಕೆಮ್ಮು

ಮದ್ದೂರು
೯ ಫೆಬ್ರವರಿ ೨೦೨೪, ಶುಕ್ರವಾರ

ಲಿಂಗರಾಜುವಿಗೆ,

ಕರೀಮನ ಸಲಾಮು. ಇದರಲ್ಲಿ ಪ್ರೀತಿ ಎಷ್ಟು, ಸಿಟ್ಟು ಎಷ್ಟು ಎಂಬುದನ್ನು ಕಾಗದ ಪೂರ್ತಿ ಓದಿ ನೀನೇ ತೀರ್ಮಾನ ಮಾಡು. ಮಳವಳ್ಳಿ ಏನು ಲಂಡನ್ನಾ, ಫೋನ್ ಮಾಡಬಾರದಿತ್ತಾ ಅನ್ನುತ್ತೀಯ. ಫೋನಿನಲ್ಲಿ ಕೇಳಿದರೆ ನೀನು ಆ ನಿನ್ನ ಕೆಮ್ಮು ಕೆಮ್ಮಿ ಮಾತನ್ನು ಕಬ್ಬಿನ ರೇಟಿಗೆ ತಿರುಗಿಸಿಬಿಡುತ್ತೀಯ. ಮೊದಲು ಎರಡು ಗಿಡ್ಡ ಕೆಮ್ಮು, ಆಮೇಲೆ ಒಂದು ಉದ್ದದ್ದು, ಸ್ಟಾರ್ಟ್ ಆಗದ ಲೂನಾ ಹಾಗೆ. ಭಾರತೀನಗರದ ಕಾಲೇಜಿನಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದಾಗಲೂ ಅದೇ ಕೆಮ್ಮು. ಆದರೂ ನೀನು ಪಾಸಾಗಿ ಇಂಗ್ಲಿಷ್ ಮೇಷ್ಟ್ರಾದೆ, ನಾನು ಫೇಲಾಗಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟೆ. ದಟ್ ಈಸ್ ಅನದರ್ ಮ್ಯಾಟರ್.

ವಿಷಯಕ್ಕೆ ಬರುತ್ತೇನೆ. ನಿನ್ನ ಹಳೆಯ ವಿದ್ಯಾರ್ಥಿನಿ ತೇಜು, ಮೈಸೂರಿನಲ್ಲಿ ಪಿಎಚ್.ಡಿ. ಮಾಡುವವಳು, ಹೋದ ವಾರ ಮತ್ತೆ ಬಂದಿದ್ದಳು. ನನ್ನ ಸುರಯ್ಯಾ ಬದುಕಿದ್ದಾಗ ನೀನೇ ಕರೆತಂದು ಅವಳ ಮಾತು ರೆಕಾರ್ಡ್ ಮಾಡಿಸಿದ್ದೆಯಲ್ಲ, ಅದೇ ಹುಡುಗಿ. ಆಗ ಹೆಂಗಸರ ಮಾತು, ಈಗ ಗಂಡಸರದ್ದು ಬೇಕಂತೆ. ನಮ್ಮ ಕಡೆಯವರು ಎಲ್ಲಿ ‘ಹ’ ನುಂಗುತ್ತಾರೆ, ಎಲ್ಲಿ ನುಂಗುವುದಿಲ್ಲ, ಅದರ ಮೇಲೆ ಸಂಶೋಧನೆ. ನಾನು ಇಸ್ತ್ರಿ ಶರ್ಟು ಹಾಕಿ ಕೂತೆ. ಮೆಷೀನಿನ ಕೆಂಪು ದೀಪ ಹತ್ತಿದ್ದೇ ತಡ, ‘ನಮ್ಮ ಪಟ್ಟಣವು ಶಿಂಷಾ ನದಿಯ ದಡದಲ್ಲಿದೆ’ ಎಂದು ಶುರುಮಾಡಿದೆ. ನಡುನಡುವೆ ಇಂಗ್ಲಿಷ್ ಬೇರೆ. ಹುಡುಗಿ ತಲೆ ಕೆರೆದುಕೊಂಡು, ‘ಅಂಕಲ್, ನ್ಯೂಸ್ ಓದ್ತಿದ್ದೀರ. ಅಂಗಡೀಲಿ ಗಿರಾಕಿಗೆ ಬಯ್ತೀರಲ್ಲ, ಹಂಗೆ ಮಾತಾಡಿ’ ಅಂದಳು. ನನಗೆ ಬರಲಿಲ್ಲ. ಆಗ ಇದ್ದಕ್ಕಿದ್ದಂತೆ ಕೇಳಿದಳು, ‘ಇವತ್ತಿಗೆ ನನ್ನ ಕತೆ ಮುಗೀತು, ಸತ್ತೇ ಹೋದೆ ಅಂತ ನಿಮಗೆ ಯಾವತ್ತಾದ್ರೂ ಅನ್ಸಿತ್ತಾ?’

ಇದು ಯಾವ ಸೀಮೆ ಭಾಷಾಶಾಸ್ತ್ರ, ನೀನೇ ಹೇಳು. ವಿಮೆ ಕಂಪನಿಯವರ ಕಡೆಯವಳೋ ಏನೋ ಎಂದು ನಾನು ಬಾಯಿ ಮುಚ್ಚಿಕೊಂಡೆ. ಅವಳು ಹೋದಮೇಲೆ ಬೀದಿಯಲ್ಲಿ ವಿಚಾರಿಸಿದೆ. ಹಾಲಿನ ಪಟ್ಟಲಮ್ಮ, ‘ಊಂ ಕಣಣ್ಣ, ಓದ್ಸತಿ ಬಂದಾಗ ನನ್ನೂ ಕೇಳುದ್ಲು. ಎಮ್ಮೆ ಗುಮ್ಮಿದ್ದ ಏಳ್ದೆ. ಪಾಪ, ಕಣ್ಣಲ್ಲಿ ನೀರಾಕ್ಕಂಡು ಕೇಳುಸ್ಕಂಡ್ಲು’ ಅಂದಳು. ಕೆಂಪಸಿದ್ದಯ್ಯ ಕಬ್ಬಿನ ಟ್ರ್ಯಾಕ್ಟರ್ ಮಗುಚಿಕೊಂಡ ಕತೆ ಹೇಳಿದನಂತೆ. ನಾನು ಏನೂ ಹೇಳಲಿಲ್ಲ ಅಂದದ್ದಕ್ಕೆ, ‘ಲೇ ಕರೀಮ, ಇಂಗ್ಲಿಷ್ ಪರೀಕ್ಷೆ ಬರ್ದಿದ್ದ ಏಳ್ಬೇಕಿತ್ತು ಕಣ್ಲಾ’ ಎಂದು ಅಂಗಡಿ ತುಂಬಾ ನಗಿಸಿದ.

ಮಾರನೆಯ ದಿನ ಹುಡುಗಿಯನ್ನೇ ಹಿಡಿದು ಕೇಳಿದೆ. ಅದು ಅವರ ಕೆಲಸದ ಪದ್ಧತಿಯಂತೆ. ಸಾವು ಹತ್ತಿರ ಬಂದು ಹೋದದ್ದನ್ನು ಹೇಳುವಾಗ ಮನುಷ್ಯ ಮೆಷೀನನ್ನು ಮರೆಯುತ್ತಾನೆ, ಅವನ ಸ್ವಂತ ಮಾತು ಹೊರಗೆ ಬರುತ್ತದೆ. ‘ಕತೆ ನಮಗೆ ಮುಖ್ಯ ಅಲ್ಲ ಅಂಕಲ್, ಅದರಲ್ಲಿ ಸದ್ದು ಹೆಂಗಿದೆ ಅಷ್ಟೇ ನೋಡೋದು’ ಅಂದಳು. ನಾನು ತಲೆ ಆಡಿಸಿದೆ. ಆಮೇಲೆ ಹೊಳೆಯಿತು. ಎಲ್ಲರನ್ನೂ ಕೇಳುವವಳು ಸುರಯ್ಯಾಳನ್ನೂ ಕೇಳಿರಬೇಕಲ್ಲ.

ಅದು ಯಾವ ಸಮಯ, ನೆನಪು ಮಾಡಿಕೋ. ಮೈಸೂರಿನ ಡಾಕ್ಟರು ನಮ್ಮಿಬ್ಬರನ್ನು ಮಾತ್ರ ಒಳಗೆ ಕರೆದು, ಇನ್ನು ಕೆಲವೇ ತಿಂಗಳು ಎಂದು ಹೇಳಿದ್ದರು. ಗ್ಯಾಸ್ಟ್ರಿಕ್ ಅಂತ ಅವಳಿಗೆ ಹೇಳೋಣ ಎಂದು ಆಸ್ಪತ್ರೆ ಕ್ಯಾಂಟೀನಿನಲ್ಲಿ ಕೂತು ನಾವಿಬ್ಬರೇ ತೀರ್ಮಾನ ಮಾಡಿದ್ದು. ಅವಳ ಮುಖ ಬಾಡಿದಾಗೆಲ್ಲ ನಾನು ಎದ್ದು ನಿಂತು ಕೈಕಟ್ಟಿ, ಕಾಲೇಜಿನ ರಜಾ ಅರ್ಜಿಯಲ್ಲಿ ನೆನಪಿದ್ದಷ್ಟನ್ನು ಒಪ್ಪಿಸುತ್ತಿದ್ದೆ. ‘ರೆಸ್ಪೆಕ್ಟೆಡ್ ಮೇಡಂ, ಆಸ್ ಐ ಆಮ್ ಸಫರಿಂಗ್ ಫ್ರಮ್ ವೈಫ್, ಐ ಬೆಗ್ ಟು ಸ್ಟೇಟ್...’ ಮುಂದಕ್ಕೆ ಬರುತ್ತಿರಲಿಲ್ಲ, ಅಲ್ಲಿಗೆ ಅವಳು ನಗುತ್ತಿದ್ದಳು. ಆ ನಗು ನೋಡಿ, ಇವಳಿಗೆ ಏನೂ ಗೊತ್ತಿಲ್ಲ ಎಂದು ನಾನು ಧೈರ್ಯ ತಂದುಕೊಳ್ಳುತ್ತಿದ್ದೆ.

ಸುರಯ್ಯಾ ಏನು ಹೇಳಿದಳು ಎಂದು ತೇಜುವನ್ನು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಮಾತಾಡಿದವರಿಗೆ ಕೊಟ್ಟ ಭಾಷೆಯಂತೆ, ಗಂಡನಿಗೂ ಹೇಳುವಂತಿಲ್ಲವಂತೆ. ನನ್ನ ಮುಖ ನೋಡಲಾರದೆ ಕೊನೆಗೆ ಒಂದಕ್ಕೆ ಒಪ್ಪಿದಳು. ಚಿತ್ರ ತೋರಿಸಿ ಹೆಸರು ಹೇಳಿಸಿದ್ದ ಭಾಗ ಮಾತ್ರ ಕೇಳಿಸುತ್ತೇನೆ, ಅದರಲ್ಲಿ ಗುಟ್ಟೇನೂ ಇಲ್ಲ ಅಂದಳು.

ಲಿಂಗರಾಜು, ಮೆಷೀನಿಗೆ ಕಿವಿ ಹಚ್ಚಿ ಕೂತೆ ಕಣೋ, ಸುರಯ್ಯಾಳದೇ ದನಿ. ‘ಅಸು.’ ‘ಅಲ್ಲು.’ ‘ಊವು.’ ಮನೆಯಲ್ಲಿ ನಮ್ಮದು ಉರ್ದು, ಆದರೆ ಹೊಳಲು ಹಳ್ಳಿಯಲ್ಲಿ ಬೆಳೆದವಳು, ಕನ್ನಡ ಅಂದರೆ ಹಂಗೇ ಅವಳಿಗೆ. ಗಂಡನನ್ನು ಏನಂತ ಕರೀತೀರಿ ಎಂದು ಹುಡುಗಿ ಕೇಳಿದ್ದಕ್ಕೆ, ‘ಎದುರ್ಗಾ, ಇಂದುಗಡೆಯಾ?’ ಅಂದು ನಕ್ಕಳು. ಹುಡುಗಿಯೂ ನಕ್ಕಳು. ಆ ನಗುವಿನ ಹಿಂದೆ ಎರಡು ಗಿಡ್ಡ ಕೆಮ್ಮು, ಒಂದು ಉದ್ದದ್ದು.

ಹುಡುಗಿಯನ್ನು ಬಾಗಿಲಲ್ಲೇ ಬಿಟ್ಟು ಸ್ಟೇಷನ್ನಿಗೆ ವಡೆ ತಿನ್ನಲು ಹೋಗಿದ್ದೆ ಅಂತ ಅವತ್ತು ಅಂಗಡಿಗೆ ಬಂದು ನೀನು ನನಗೆ ಹೇಳಿದೆ. ವೈ ಡಿಡ್ ಯು ಟೋಲ್ಡ್ ಲೈ? ಗ್ರಾಮರ್ ತಪ್ಪಿದ್ದರೆ ತಿದ್ದಿಕೋ, ಉತ್ತರ ಮಾತ್ರ ಕೊಡು. ಈಗ ಹಿಂದಿನದೆಲ್ಲ ಬೇರೆ ಥರ ಕಾಣುತ್ತಿದೆ. ಅವಳು ತೀರಿಕೊಂಡ ದಿನ ನೀನು ಅಳಲಿಲ್ಲ. ಗಟ್ಟಿ ಮನುಷ್ಯ ಅಂದುಕೊಂಡಿದ್ದೆ. ಮುಂಚೆಯೇ ಅತ್ತು ಮುಗಿಸಿದ್ದೆ ಅಂತ ಈಗ ಅನುಮಾನ. ಅದಾದ ಮೇಲೆ ನೀನು ಮದ್ದೂರಿಗೆ ಬರುವುದು ಕಡಿಮೆಯಾಯಿತು, ಮಂಡಿ ನೋವು ಅನ್ನುತ್ತಿದ್ದೆ. ಅದೂ ಅನುಮಾನ.

ನನಗೆ ಬೇಕಾದದ್ದು ಒಂದೇ. ಅವಳಿಗೆ ಗೊತ್ತಿತ್ತಾ? ಗೊತ್ತಿದ್ದರೆ, ನನ್ನ ಆ ಕೋತಿಯಾಟಕ್ಕೆ ಅವಳು ನಿಜವಾಗಿ ನಗುತ್ತಿದ್ದಳಾ, ಅಥವಾ ನನಗೋಸ್ಕರ ಸಹಿಸಿಕೊಂಡಿದ್ದಳಾ? ನೀನು ಅಲ್ಲಿದ್ದೆ, ನೀನು ಕೇಳಿದ್ದೀಯ. ಇಲ್ಲ ಎಂದು ಬರೆದರೆ ನಂಬುವುದಿಲ್ಲ. ಬರೆಯದೇ ಇದ್ದರೆ ಈ ಸಲ ಈದ್‌ಗೆ ನಮ್ಮ ಮನೆ ಪಾಯಸ ನಿನಗಿಲ್ಲ.

ಸದ್ಯಕ್ಕೆ ನಿನ್ನ ಮಿತ್ರ,
ಯುವರ್ಸ್ ಡೌಟ್‌ಫುಲಿ,
ಕರೀಂ

ತಾ.ಕ.: ಶನಿವಾರ. ಕವರಿಗೆ ಇನ್ನೂ ಗೋಂದು ಹಾಕಿರಲಿಲ್ಲ. ತೇಜು ಮೈಸೂರಿಗೆ ಹೊರಟವಳು ಹೇಳಿಹೋಗಲು ಬಂದಳು. ಇನ್ನೊಂದು ಸಲ ಆ ಹೆಸರುಗಳನ್ನು ಕೇಳಿಸು ಅಂದೆ. ಹಾಕಿದಳು. ಅಷ್ಟರಲ್ಲಿ ಅವಳಿಗೆ ಫೋನ್ ಬಂದು ಜಗಲಿಗೆ ಹೋದಳು, ಮೆಷೀನು ಓಡುತ್ತಲೇ ಇತ್ತು. ಹೆಸರುಗಳು ಮುಗಿದ ಮೇಲೆ ರೆಕಾರ್ಡಿನಲ್ಲೂ ತೇಜು, ಒಂದ್ನಿಮಿಷ ಆಂಟಿ, ಬ್ಯಾಗಲ್ಲಿ ಇನ್ನೊಂದಿಷ್ಟು ಚಿತ್ರ ಇದೆ ಎಂದು ಎದ್ದು ಹೋದ ಸದ್ದು. ಆಮೇಲೆ ಸುರಯ್ಯಾ, ಮೆಲ್ಲಗೆ:

‘ಲಿಂಗರಾಜಣ್ಣ, ಗ್ಯಾಸ್ಟಿಕ್ಕು ಅಂತ ನೀವಿಬ್ರೂ ಅಂತಿದ್ದೀರಲ್ಲ, ಅದೇನು ಅಂತ ನಂಗೊತ್ತು. ಇವ್ರಿಗೆ ಏಳ್ಬುಡ್ಬೇಡಿ. ತಿಳುದ್ರೆ ಆ ಇಂಗ್ಲಿಷ್ ಅರ್ಜಿ ಏಳೋದ ನಿಲ್ಲುಸ್ಬುಡ್ತಾರೆ. ನಂಗೆ ಅದೊಂದೇ ನಗು ಉಳ್ದಿರೋದು.’

ಎರಡು ಗಿಡ್ಡ ಕೆಮ್ಮು, ಒಂದು ಉದ್ದದ್ದು. ‘ಏಳಕಿಲ್ಲ ಕಣಮ್ಮ’ ಅಂದೆ ನೀನು.

ತೇಜು ಒಳಗೆ ಓಡಿಬಂದು ನಿಲ್ಲಿಸಲು ಕೈ ಚಾಚಿದಳು. ನನ್ನನ್ನು ನೋಡಿ ಹಾಗೇ ನಿಂತಳು.

ಕಾಗದ ಹರಿದುಹಾಕಬಹುದಿತ್ತು. ಇಷ್ಟು ಬೈದಿದ್ದೇನೆ, ನೀನು ಓದಲಿ ಎಂದು ಕಳಿಸುತ್ತಿದ್ದೇನೆ. ಆದರೆ ಉತ್ತರ ಬರೆಯಬೇಡ, ಅವಳಿಗೆ ಕೊಟ್ಟ ಮಾತು ಹಾಗೇ ಇರಲಿ. ಈದ್‌ಗೆ ಬಾ. ಪಾಯಸ ಕುಡಿಯುವಾಗ ನಾನೇ ತಡೆಯಲಾರದೆ ಕೇಳಿಬಿಟ್ಟರೆ, ನಿನ್ನ ಆ ಕೆಮ್ಮು ಕೆಮ್ಮು. ಆಮೇಲೆ ಈ ವರ್ಷ ಕಬ್ಬಿಗೆ ಏನು ರೇಟು ಅಂತ ಹೇಳು.