ತೋಳಪ್ಪನ ಮುಡಿಪು

ಹೊಂಗಡಹಳ್ಳ
24-1-2006, ಮಂಗಳವಾರ

ಶಾಲಿನಿಯ ಅಪ್ಪನವರಿಗೆ ಸುಮನಾ ಮಾಡುವ ನಮಸ್ಕಾರಗಳು.

ನಾವು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ಇಲ್ಲಿ ಎಲ್ಲರೂ ಕ್ಷೇಮವಾಗಿರುವುದು ನಿಜ. ಮಂಗಳೂರಿನಲ್ಲಿ ನೀವು ಹೇಗಿದ್ದೀರೆಂದು ನನಗೆ ತಿಳಿಯುವುದು ಭಾನುವಾರ ಲಿಂಗಪ್ಪನ ಅಂಗಡಿಯಲ್ಲಿ ಮಗಳು ಫೋನು ಇಟ್ಟ ಮೇಲೆ ಅವಳ ಮುಖ ನೋಡಿ. ನಾನೇ ಫೋನು ಇಸಿದುಕೊಂಡು ಕೇಳಬಹುದಿತ್ತು. ಆದರೆ ಅಲ್ಲಿ ಸೀಮೆಎಣ್ಣೆಗೆ ಬಂದವರಿಗೂ ನಮ್ಮ ಮನೆಯ ಮಾತೇ ರುಚಿ. ಅದಕ್ಕೇ ಈ ಕಾಗದ. ಅಂಚೆಯಲ್ಲಿ ಬಂದಿದ್ದು ನೋಡಿ ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ.

ವಿಷಯ ಇಷ್ಟೇ. ಇನ್ನು ಮುಂದೆ ಶಾಲಿನಿಯನ್ನು ತೋಳ ಸಿಕ್ಕಿತೇ ಎಂದು ಕೇಳಬೇಡಿ.

ಮೊನ್ನೆ ಭಾನುವಾರವೂ ಕೇಳಿದಿರಂತೆ. ಸಿಕ್ಕಿಲ್ಲವೆಂದಾಗ ನಕ್ಕು, ನಿನ್ನ ಕೈಲಾಗಲ್ಲ ಬಿಡು ಎಂದಿರಂತೆ. ನೀವು ತಮಾಷೆಗೆ ಹೇಳಿರುತ್ತೀರಿ. ಅವಳು ಮನೆಗೆ ಬಂದವಳೇ ಕಣದಲ್ಲಿ ಒಣಗಲು ಹರಡಿದ್ದ ಕಾಫಿಯ ಮೇಲೆ ಚಪ್ಪಲಿ ಹಾಕಿಕೊಂಡೇ ನಡೆದು ನಿಮ್ಮ ಅಮ್ಮನಿಂದ ಬೈಸಿಕೊಂಡಳು. ಹಾಗೆಲ್ಲ ಮಾಡುವ ಮಗುವಲ್ಲ ಅದು.

ನೀವು ಕಳಿಸಿದ ಆ ವಿಡಿಯೋ ಗೇಮು ಇಲ್ಲಿ ಏನೇನು ಮಾಡಿತೆಂದು ನಿಮಗೆ ಗೊತ್ತಿಲ್ಲ. ನಿಮ್ಮ ರಿಪೇರಿ ಅಂಗಡಿಗೆ ದುಬೈಯಿಂದ ಬಂದ ಯಾರೋ ಗಿರಾಕಿ ಜೋಡಿ ಮೆಷಿನ್ ಕೊಟ್ಟರು, ಒಂದನ್ನು ನೀವಿಟ್ಟುಕೊಂಡು ಇನ್ನೊಂದನ್ನು ಮಗಳಿಗೆ ಕಳಿಸಿದಿರಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಅದರಲ್ಲಿ ಕಾಡು ಮೇಡು ಅಲೆದು ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕಬೇಕಂತೆ. ಅವಳು ಹಿಡಿದಿದ್ದಕ್ಕೆಲ್ಲ ಹೆಸರಿಟ್ಟಳು. ಮೂರು ಬಾಲದ ಕಪ್ಪೆಯೊಂದಕ್ಕೆ ನನ್ನ ಹೆಸರಿದೆ. ನಾನು ಕೆಲಸ ಮಾಡುವ ಎಸ್ಟೇಟಿನ ಬಾಲವಾಡಿಯಲ್ಲೂ ಈಗ ಮಕ್ಕಳೆಲ್ಲ ಅವಳಿಂದ ಕಲಿತು ಊಟಕ್ಕೆ ಕೂತಾಗ ತೋಳದಂತೆ ಊಳಿಡುತ್ತಾರೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಒಂದು ದಿನ ಬಾಗಿಲಲ್ಲಿ ನಿಂತು ಏನಮ್ಮಾ ಇದು ಎಂದು ಕೇಳಿ ಹೋದರು.

ತೋಳದ ಮಾತು ಶುರುವಾಗಿದ್ದು ನಿಮ್ಮಿಂದಲೇ. ಆ ಆಟದ ಕೊನೆಯಲ್ಲಿ ಮಂಜಿನ ಕಣಿವೆಯ ಬಾಗಿಲಲ್ಲಿ ಒಂದು ತೋಳ ಕಾವಲಿದೆ, ನನ್ನ ಮೆಷಿನ್ನಿನಲ್ಲಿ ಅದು ಬರುವುದೇ ಇಲ್ಲ, ನಿನ್ನದರಲ್ಲಿ ಮಾತ್ರ ಬರುತ್ತದೆ, ನೀನು ಹಿಡಿದ ದಿನ ಕೇಬಲ್ ತೆಗೆದುಕೊಂಡು ಊರಿಗೆ ಬರುತ್ತೇನೆ, ಎರಡನ್ನೂ ಜೋಡಿಸಿ ಅದಲುಬದಲು ಮಾಡಿಕೊಳ್ಳೋಣ ಎಂದಿರಿ. ಹೇಳಿ ನೀವು ಮರೆತಿರಬಹುದು. ಅವಳು ಮರೆಯಲಿಲ್ಲ. ನಿಜ ಹೇಳುತ್ತೇನೆ, ನಾನೂ ಮರೆಯಲಿಲ್ಲ.

ನಮ್ಮಿಬ್ಬರ ನಡುವಿನದು ನಿಮಗೆ ಗೊತ್ತೇ ಇದೆ. ಮಂಗಳೂರಿಗೆ ಎಲ್ಲರೂ ಹೊರಡೋಣ ಎಂದಿರಿ, ನಿಮ್ಮ ಅಮ್ಮ ಬರುವುದಿಲ್ಲ ಎಂದರು, ಅವರನ್ನು ಬಿಟ್ಟು ನಾನು ಬರುವುದಿಲ್ಲ ಎಂದೆ, ನೀವು ಬ್ಯಾಗು ತೆಗೆದುಕೊಂಡು ಬಸ್ಸು ಹತ್ತಿದಿರಿ. ಈಗ ಸುಮನಾ ಕರೆದರೆ ಬರುತ್ತೇನೆ ಎಂದು ನೀವು ಹೇಳಿಕೊಂಡು ಓಡಾಡುತ್ತೀರಂತೆ. ನಾನು ಕಳಿಸಿದ್ದರೆ ತಾನೇ ಕರೆಯುವುದು ಎಂದು ನಾನು ಹೇಳಿಕೊಂಡು ಓಡಾಡುತ್ತೇನೆ. ಹೀಗಿರುವಾಗ ತೋಳದ ನೆಪದಲ್ಲಿ ನೀವು ಬಂದರೆ ಯಾರೂ ಸೋತಂತಾಗುವುದಿಲ್ಲವಲ್ಲ ಎಂದು ನನಗೂ ಅನ್ನಿಸಿತ್ತು. ಅದಕ್ಕೇ ಸಕಲೇಶಪುರಕ್ಕೆ ಹೋದಾಗಲೆಲ್ಲ ಮರೆಯದೆ ಪೆನ್ ಸೆಲ್ ತರುತ್ತಿದ್ದೆ. ಅತ್ತೆಯ ಟಾರ್ಚಿಗೆ ತರುವುದು ಮರೆತರೂ ಅವಳ ಗೇಮಿಗೆ ಮರೆಯುತ್ತಿರಲಿಲ್ಲ.

ಆ ತೋಳಕ್ಕೆ ಆಟದಲ್ಲಿ ವಾರ್ಡೋನ್ ಎಂದು ಹೆಸರು. ಅದು ಕಣಿವೆಯ ಗಡಿ ಕಾಯುವುದೆಂದು ಗೊತ್ತಾದ ಕೂಡಲೇ ಅತ್ತೆ ಅದನ್ನು ತೋಳಪ್ಪ ಎಂದು ಕರೆಯತೊಡಗಿದರು. "ಗಡಿ ಕಾಯೋನ್ನ ಬರೀ ತೋಳ ಅಂತಾರೇನೇ? ಅಪ್ಪ ಅನ್ನು" ಎಂದು ಮೊಮ್ಮಗಳಿಗೆ ತಿದ್ದಿದರು. ಕತ್ತಿನ ತುಂಬ ಪಾಚಿ ಬಣ್ಣದ ಜೂಲು, ಬೆನ್ನ ಮೇಲೆ ಕಲ್ಲಿನ ಕವಚ, ಬಾಗಿಲಿಗಿಂತ ಎತ್ತರ. ತಾನಾಗಿ ಮೈಮೇಲೆ ಬೀಳುವುದಿಲ್ಲ. ದಾಟುವವನು ಯಾರು, ಏಕೆ ಬಂದೆ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ನಾನು ಓದಿ ಅರ್ಥ ಹೇಳಿದೆ. ಮೆಷಿನ್ನಿನಲ್ಲಿ ಉತ್ತರ ಕೊಡಲು ಜಾಗವೇ ಇಲ್ಲ, ಗುಂಡಿ ಒತ್ತಿ ಮುಂದೆ ಹೋಗಬೇಕು ಅಷ್ಟೇ. ಅತ್ತೆ ಮಾತ್ರ ಒಪ್ಪಲಿಲ್ಲ. ಬಿಸ್ಲೆ ಕಾಡಿಗೆ ಸೊಪ್ಪು ಸೌದೆಗೆ ಹೋಗುವವರು ಗಡಿಕಲ್ಲಿನ ಮುಂದೆ ನಿಂತು ಹೆಸರು, ಮನೆ, ಬಂದ ಕೆಲಸ ಹೇಳಿಯೇ ದಾಟುತ್ತಾರಲ್ಲವೇ, ಇಲ್ಲೂ ಹೇಳಬೇಕು ಎಂದರು. "ಕೇಳ್ತಾ ಐತೆ, ಹೇಳ್ದೆ ಹೋದ್ರೆ ಬಿಟ್ಟಾತಾ? ಬಾಯ್ಬಿಟ್ಟು ಹೇಳು."

ಶಾಲಿನಿ ಮೆಷಿನ್ನನ್ನು ಮಣೆಯ ಮೇಲಿಟ್ಟು, ಕೈ ಮುಗಿದು, ಜೋರಾಗಿಯೇ ಹೇಳಿದಳು. "ನಾನು ಹೊಂಗಡಹಳ್ಳದ ಮಹೇಶಪ್ಪನ ಮಗಳು ಶಾಲಿನಿ. ನಮ್ಮಪ್ಪನ್ನ ಮನೆಗೆ ಕರ್ಕೊಂಡ್ ಬರಕ್ಕೆ ಬಂದಿದೀನಿ." ಅತ್ತೆ ಎದ್ದು ಒಳಗೆ ಹೋದರು. ನಾನು ಅನ್ನದ ಎಸರು ಉಕ್ಕಿತೆಂದು ಅಡುಗೆಮನೆಗೆ ಹೋದೆ. ಎಸರು ಉಕ್ಕಿರಲಿಲ್ಲ.

ಆ ತೋಳವನ್ನು ಹಿಡಿಯುವುದು ಸುಲಭವಲ್ಲ. ಹೆಚ್ಚು ಹೊಡೆದರೆ ಬಿದ್ದುಹೋಗುತ್ತದೆ, ಆಮೇಲೆ ಆ ಆಟದಲ್ಲಿ ಮತ್ತೆಂದೂ ಕಾಣುವುದಿಲ್ಲ. ಕಡಿಮೆ ಹೊಡೆದರೆ ನಾವು ಎಸೆದ ಬಲೆಯನ್ನು ಹರಿದುಕೊಳ್ಳುತ್ತದೆ. ಬಲೆಗಳು ಮುಗಿದರೆ ಅದು ನಮ್ಮನ್ನೇ ಬಾಗಿಲಿನಿಂದ ಆಚೆ ನೂಕುತ್ತದೆ. ಮೆಷಿನ್ ಆರಿಸಿ, ಹಿಂದಿನ ದಿನ ಉಳಿಸಿಟ್ಟ ಜಾಗದಿಂದ ಮತ್ತೆ ನಡೆಯಬೇಕು. ದಸರಾ ರಜೆ ಪೂರ್ತಿ ಅವಳದು ಇದೇ ಕೆಲಸ. ಪ್ರತಿ ಸಲವೂ ಮೊದಲು ಹೆಸರು, ಊರು, ಬಂದ ಕೆಲಸ. ಒಂದು ದಿನವೂ ತಪ್ಪಿಸಲಿಲ್ಲ. ಕರೆಂಟು ಹೋದರೂ ಅಂಗಳದ ಬೆಳಕಿಗೆ ಕೂತು ಆಡಿದಳು. ತೋಟದ ಕೆಲಸಕ್ಕೆ ಬರುವ ಬೆಟ್ಟಮ್ಮ ಬುಟ್ಟಿ ಇಳಿಸಿ, "ಏನ್ ಕೂಸೇ, ಇವತ್ತಾದ್ರೂ ನಿಮ್ಮ ತೋಳಪ್ಪ ಒಲೀತಾ?" ಎಂದು ವಿಚಾರಿಸಿ ಹೋಗುತ್ತಿದ್ದಳು.

ಅದು ಸಿಗಲಿಲ್ಲ. ಸಿಗದ ವಸ್ತುವಿಗೆ ಅತ್ತೆಯದು ಒಂದೇ ದಾರಿ ಅಲ್ಲವೇ? ಗೇಮನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಧರ್ಮಸ್ಥಳಕ್ಕೆ ಮುಡಿಪು ಕಟ್ಟುವ ಹಾಗೆಯೇ ಗಂಟು ಹಾಕಿ, ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ಮುಡಿಪು ಕಟ್ಟಿದ ಮೇಲೆ ಹರಕೆ ತೀರುವವರೆಗೆ ಯಾರೂ ಬಿಚ್ಚುವಂತಿಲ್ಲ. ಹಾಗಾಗಿ ಈಗ ಅವಳು ಆಡುವುದೂ ಇಲ್ಲ. ಆಡದ ಮೇಲೆ ತೋಳ ಸಿಗುವುದೂ ಇಲ್ಲ. ನೀವು ಭಾನುವಾರ ಭಾನುವಾರ ಕೇಳುವುದರಲ್ಲಿ ಅರ್ಥವೂ ಇಲ್ಲ.

ಇನ್ನೊಂದು ಮಾತು, ಇದನ್ನು ದೂರೆಂದು ತಿಳಿಯಬೇಡಿ. ಗೌರಿ ಹಬ್ಬಕ್ಕೆ ಬರುತ್ತೇನೆ ಎಂದಿದ್ದಿರಿ. ಅವಳು ಹೊಸ ಲಂಗ ಹಾಕಿಕೊಂಡು ಹೆತ್ತೂರು ಕಡೆಯಿಂದ ಬರುವ ಬಸ್ಸುಗಳನ್ನೆಲ್ಲ ನೋಡಿ ಬಂದಳು. ಅಂಗಡಿಯಲ್ಲಿ ಕೆಲಸ ಹೆಚ್ಚಾಯಿತು ಎಂದಿರಿ, ಇರಬಹುದು. ಅವಳು ಅತ್ತಿದ್ದರೆ ಸಮಾಧಾನ ಮಾಡಿ ಮುಗಿಸುತ್ತಿದ್ದೆ. ಅಳಲಿಲ್ಲ. ಲಂಗ ಮಡಿಸಿಟ್ಟು, ಅಪ್ಪನಿಗೆ ರಜ ಸಿಕ್ಕಿರಲ್ಲ ಎಂದು ನನಗೇ ಸಮಾಧಾನ ಹೇಳಿದಳು. ಆ ದಿನ ನನಗೆ ನಿಮ್ಮ ಮೇಲೆ ಬಂದ ಸಿಟ್ಟು ನೀವು ಮನೆ ಬಿಟ್ಟ ದಿನವೂ ಬಂದಿರಲಿಲ್ಲ.

ಆದ್ದರಿಂದ ನನ್ನದು ಚಿಕ್ಕ ಕೋರಿಕೆ. ತೋಳ ಹಿಡಿದರೆ ಬರುತ್ತೇನೆ ಎಂದ ಮಾತನ್ನು ವಾಪಸು ತೆಗೆದುಕೊಳ್ಳಿ. ಬರುವುದಾದರೆ ಸುಮ್ಮನೆ ಬನ್ನಿ, ಬರದಿದ್ದರೆ ಬರುವುದಿಲ್ಲವೆಂದು ಅವಳಿಗೆ ನೇರ ಹೇಳಿ. ನಾನು ಕರೆಯುತ್ತಿದ್ದೇನೆ ಎಂದು ಅರ್ಥ ಮಾಡಿಕೊಳ್ಳಬೇಡಿ. ಕರೆಯುತ್ತಿಲ್ಲ ಎಂದೂ ಅರ್ಥ ಮಾಡಿಕೊಳ್ಳಬೇಡಿ.

ಅತ್ತೆಯ ಮಂಡಿನೋವು ಹಾಗೇ ಇದೆ. ಕಾಫಿ ಕುಯ್ಲು ಈ ವಾರ ಮುಗಿಯಬಹುದು. ನಿಮ್ಮ ಸ್ವೆಟರು ಇಲ್ಲೇ ಇದೆ, ಮಂಗಳೂರಿನ ಸೆಕೆಗೆ ಅದು ಬೇಕಾಗಿರಲಿಕ್ಕಿಲ್ಲ.

ಇಂತಿ,
ಸುಮನಾ

ತಾ.ಕ.: ಕಾಗದ ಮಡಿಸಿದ್ದವಳು ಮತ್ತೆ ಬಿಚ್ಚಿದೆ. ಮೇಲೆ ಬರೆದಿದ್ದರಲ್ಲಿ ಒಂದು ನಿಜವಲ್ಲ. ತೋಳ ಸಿಕ್ಕಿದೆ. ದೀಪಾವಳಿ ಮುಗಿದ ವಾರವೇ ಸಿಕ್ಕಿತು, ನಾನು ಪಕ್ಕದಲ್ಲೇ ಕೂತಿದ್ದೆ. ಕೊನೆಯ ಬಲೆಯಲ್ಲಿ ಅದು ಅಲುಗಾಡದೆ ಕೂತುಬಿಟ್ಟಿತು. ನಾನೇ ಮೊದಲು ಕೂಗಿದ್ದು. ನಡಿಯೇ, ಲಿಂಗಪ್ಪನ ಅಂಗಡಿಗೆ ಹೋಗಿ ನಿಮ್ಮಪ್ಪನಿಗೆ ಫೋನ್ ಮಾಡೋಣ ಎಂದು ಚಪ್ಪಲಿ ಮೆಟ್ಟಿದ್ದೆ. ಅವಳು ಕದಲಲಿಲ್ಲ. ಮೆಷಿನ್ ಆರಿಸಿ, ಅಜ್ಜಿಯ ಹತ್ತಿರ ಅರಿಶಿನದ ಬಟ್ಟೆ ಕೇಳಿ ಕಟ್ಟಿಸಿಕೊಂಡವಳೂ ಅವಳೇ. "ಬ್ಯಾಡ ಕಣಮ್ಮ. ಸಿಕ್ತು ಅಂತ ಹೇಳಿದ್ಮೇಲೂ ಅಪ್ಪ ಬರ್ದಿದ್ರೆ? ಈಗಾದ್ರೆ ತೋಳ ಸಿಕ್ಕಿಲ್ಲ, ಅದ್ಕೇ ಬಂದಿಲ್ಲ ಅಂತ ಆಯ್ತದೆ" ಎಂದಳು. ಅಂದಿನಿಂದ ಪ್ರತಿ ಭಾನುವಾರ ನಿಮಗೆ ಸಿಕ್ಕಿಲ್ಲವೆಂದು ಹೇಳಿ ನಿಮ್ಮಿಂದ ನಗಿಸಿಕೊಂಡು ಬರುತ್ತಿದ್ದಾಳೆ. ಹೇಳುವುದಿಲ್ಲವೆಂದು ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಳು, ನಾನು ಮುರಿದಿದ್ದೇನೆ. ನೀವು ಬರುವುದಾದರೆ ಕೇಬಲ್ ತರಬೇಡಿ. ತೋಳ ಸಿಕ್ಕಿದ್ದು ಗೊತ್ತೇ ಇಲ್ಲದವರ ಹಾಗೆ ಬನ್ನಿ.