ತಂಡ ಮುಚ್ಚಿದ ವಾರ

ತಂಡದ ಮನೆ, ಮಹಡಿಯ ಕೊನೆಯ ಕೋಣೆ
ಅಕ್ಟೋಬರ್ ೬, ಸೋಮವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ಮೊದಲು ನಿಮ್ಮ ಮಂಡಿಯ ಸಮಾಚಾರ ತಿಳಿಸಿ. ಫೋನಿನಲ್ಲಿ ಕೇಳಿದಾಗಲೆಲ್ಲ ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಎನ್ನುತ್ತೀರಿ. ಅಷ್ಟರಲ್ಲಿ ಹಿಂದಿನಿಂದ ನಿಮ್ಮ ಮೊಮ್ಮಗಳು ‘ಅಜ್ಜಿ ಮೆಟ್ಟಿಲ ಮೇಲೆ ಕೂತ್ಕೊಂಡು ಕೂತ್ಕೊಂಡು ಹತ್ತುತ್ತಾಳೆ’ ಎಂದು ಗುಟ್ಟು ರಟ್ಟು ಮಾಡುತ್ತಾಳೆ. ಶಾಲೆ ಯೂನಿಫಾರ್ಮಿನ ಗಡಿಬಿಡಿ ಮುಗಿಯಿತಲ್ಲ, ಇನ್ನಾದರೂ ಹೊಲಿಗೆ ಮಶೀನು ಬಿಟ್ಟೆದ್ದು ಡಾಕ್ಟರಿಗೆ ತೋರಿಸಿ. ನಿಮ್ಮ ಮಗ ರೈಲಿನ ಡ್ಯೂಟಿ ಮುಗಿಸಿ ಬಂದವರು ಊಟ ಮಾಡಿ ಮಲಗುತ್ತಾರೋ, ಹಾಗೇ ಕುರ್ಚಿಯಲ್ಲಿ ತೂಕಡಿಸುತ್ತಾರೋ? ಚಿನಕುರುಳಿಯ ಅಲ್ಲಾಡುವ ಹಲ್ಲು ಬಿತ್ತೇ? ಅದನ್ನು ನಾಲಿಗೆಯಿಂದ ದೂಡುತ್ತಾ ಕೂರಬಾರದೆಂದು ಅಮ್ಮ ಹೇಳಿದ್ದಾಳೆ ಎನ್ನಿ. ಕೇಳುವುದಿಲ್ಲ ಎಂದು ಗೊತ್ತು, ಆದರೂ ಹೇಳಿ.

ಫೋನು ಬಿಟ್ಟು ಕಾಗದ ಬರೆಯುತ್ತಿರುವುದಕ್ಕೆ ಗಾಬರಿಯಾಗಬೇಡಿ. ಮೈಕೈ ಎಲ್ಲ ನೆಟ್ಟಗಿದೆ. ಈ ಸುದ್ದಿಯನ್ನು ಬಾಯಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ಫೋನು ಇಟ್ಟುಬಿಡುತ್ತೇನೆ, ಅಷ್ಟೇ. ನಮ್ಮ ಸೈಕಲ್ ತಂಡ ಮುಚ್ಚಿತು. ಬುಧವಾರ ಊಟದ ಮೇಜಿನ ಮೇಲೆ ಇನ್ನೂ ತಟ್ಟೆಗಳಿರುವಾಗಲೇ ಮ್ಯಾನೇಜರು ಎದ್ದು ನಿಂತು ಹೇಳಿದರು. ನಮ್ಮ ಜೆರ್ಸಿಯ ಎದೆಯ ಮೇಲೆ ಯಾರ ಹೆಸರಿದೆಯೋ ಆ ಬಾಗಿಲು, ಕಿಟಕಿ ತಯಾರಿಸುವ ಕಂಪನಿ ಇನ್ನು ಹೆಂಗಸರ ತಂಡಕ್ಕೆ ದುಡ್ಡು ಹಾಕುವುದಿಲ್ಲವಂತೆ. ಗಂಡಸರ ತಂಡ ಹಾಗೇ ಮುಂದುವರಿಯುತ್ತದೆ, ಅವರಿಗೆ ಹೊಸ ಬಸ್ಸೂ ಬರುತ್ತಿದೆ. ಆ ಒಂದು ಬಸ್ಸಿನ ಬೆಲೆಯಲ್ಲಿ ನಾವೆಲ್ಲ ಒಂದು ವರ್ಷ ರೇಸು ಓಡಬಹುದಿತ್ತು. ‘ಬಾಗಿಲು ಮಾಡೋರೇ ಬಾಗಿಲು ಹಾಕ್ಕೊಂಡ್ರು’ ಎಂದು ನಮ್ಮ ಮೆಕ್ಯಾನಿಕ್ ಗೊಣಗಿದರು. ಒಬ್ಬಳು ನಕ್ಕಳು, ಅವಳ ಹಿಂದೆ ಎಲ್ಲರೂ ನಕ್ಕೆವು, ನಗುನಗುತ್ತಲೇ ಕಿರಿಯಳೊಬ್ಬಳು ಅಳತೊಡಗಿದಳು. ಶನಿವಾರದ್ದೇ ಕೊನೆಯ ರೇಸು, ಆಮೇಲೆ ಸೈಕಲ್ಲುಗಳನ್ನೂ ಹಿಂದಿರುಗಿಸಬೇಕು ಎಂದರು.

ಆಗ ಯಾರೋ ಕೊಕ್ಕರೆಯ ಮಾತೆತ್ತಿದರು. ಕೊಕ್ಕರೆ ನೆನಪಿದ್ದಾಳಲ್ಲ? ಒಮ್ಮೆ ನಮ್ಮ ಮನೆಗೆ ಬಂದಾಗ ಅವಳ ಪೈಜಾಮ ಮೊಣಕಾಲಿಗೇ ನಿಲ್ಲುತ್ತದೆ ಎಂದು ನೀವು ಗೇಣುದ್ದ ಬಟ್ಟೆ ಸೇರಿಸಿ ಹೊಲಿದುಕೊಟ್ಟಿರಿ. ಅವಳು ನಮ್ಮ ತಂಡದ ನಾಯಕಿಯಾಗಿದ್ದಳು. ನಾನು ಇಷ್ಟು ವರ್ಷ ಮಾಡಿದ ಕೆಲಸವೆಂದರೆ ಅವಳ ಬಲ ಉಳಿಯಲೆಂದು ಅವಳ ಮುಂದೆ ಓಡಿ ಗಾಳಿಯನ್ನು ನನ್ನೆದೆಗೆ ತೆಗೆದುಕೊಳ್ಳುವುದು, ಕಾರಿನಿಂದ ನೀರಿನ ಬಾಟಲಿಗಳನ್ನು ಬೆನ್ನಿಗೆ ತುರುಕಿಕೊಂಡು ಬಂದು ಅವಳಿಗೆ ಕೊಡುವುದು. ಕೊನೆಯ ಏರಿನಲ್ಲಿ ನಾನು ಪಕ್ಕಕ್ಕೆ ಸರಿದರೆ ಅವಳು ನುಗ್ಗಿ ಗೆಲ್ಲುತ್ತಾಳೆ. ಅವಳು ಆಗಸ್ಟಿನಲ್ಲಿ ನಡು ವರ್ಷದಲ್ಲೇ ನಮ್ಮನ್ನು ಬಿಟ್ಟು ದುಡ್ಡಿರುವ ದೊಡ್ಡ ತಂಡಕ್ಕೆ ಹೋದಳು. ಹೋಗುವ ದಿನ ಯಾರಿಗೂ ಏನೂ ಹೇಳಲಿಲ್ಲ. ಉಳಿದವರಿಗೆ ಕೋಪ ಬಂತು, ನನಗೆ ಬೇಜಾರು. ಅವಳಿದ್ದ ಮಂಚದ ಮೇಲೆ ನಾನು ಒಣಗಿದ ಬಟ್ಟೆ ರಾಶಿ ಹಾಕುತ್ತಿದ್ದೆ, ಖಾಲಿ ಕಾಣಬಾರದೆಂದು.

ಬುಧವಾರವೂ ‘ಮುಳುಗೋ ದೋಣಿಯಿಂದ ಮೊದಲೇ ಹಾರಿದಳು, ಜಾಣೆ’ ಎಂದು ಒಬ್ಬಳು ಅಂದಳು. ಮ್ಯಾನೇಜರು ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ‘ಕಂಪನಿ ಜುಲೈನಲ್ಲೇ ದುಡ್ಡು ನಿಲ್ಲಿಸಿತ್ತು. ಆಮೇಲೆ ನಿಮ್ಮ ಸಂಬಳ ಎಲ್ಲಿಂದ ಬಂತು ಅನ್ಕೊಂಡ್ರಿ?’ ಎಂದು ಕೇಳಿದರು. ಒಪ್ಪಂದ ಮುಗಿಯುವ ಮೊದಲೇ ಒಬ್ಬಳನ್ನು ಕರೆದುಕೊಳ್ಳುವ ತಂಡ, ಅವಳನ್ನು ಬಿಟ್ಟುಕೊಡುವ ತಂಡಕ್ಕೆ ಹಣ ಕೊಡಬೇಕು ಅತ್ತೆ, ಅದು ನಮ್ಮಲ್ಲಿನ ಪದ್ಧತಿ. ಕೊಕ್ಕರೆಗೆ ಹೋಗುವ ಮನಸ್ಸಿರಲಿಲ್ಲವಂತೆ. ಸಂಬಳಕ್ಕೆ ದುಡ್ಡಿಲ್ಲ ಎಂದು ಮ್ಯಾನೇಜರು ಅವಳೊಬ್ಬಳಿಗೆ ಹೇಳಿದಾಗ, ಅವಳೇ ಆ ದೊಡ್ಡ ತಂಡಕ್ಕೆ ಫೋನು ಮಾಡಿ ಬರುತ್ತೇನೆ ಎಂದಳಂತೆ. ‘ಆ ದುಡ್ಡು ಹುಡುಗಿಯರ ಸಂಬಳಕ್ಕೇ ಹೋಗಬೇಕು, ಬೇರೆ ಯಾವ ಸಾಲಕ್ಕೂ ಅಲ್ಲ ಅಂತ ನನ್ನಿಂದ ಆಣೆ ಹಾಕಿಸ್ಕೊಂಡಳು. ಇವರಿಗೆ ಹೇಳಬೇಡಿ, ಹೇಳಿದ್ರೆ ದಿಗಿಲುಬಿದ್ದು ರೇಸೇ ಮರೀತಾರೆ ಅಂದಳು’ ಎಂದು ಮ್ಯಾನೇಜರು ಹೇಳಿದರು. ಆಗಸ್ಟಿನ ಸಂಬಳದಲ್ಲೇ ನಾನು ಚಿನಕುರುಳಿಗೆ ಕೆಂಪು ಬೂಟು ಕಳಿಸಿದ್ದು.

ಇನ್ನು ಶನಿವಾರದ ರೇಸಿನ ಕಥೆ ಕೇಳಿ. ಹೊರಡುವ ಮುಂಚೆ ಮ್ಯಾನೇಜರು ವ್ಯಾನಿನ ಬಾಗಿಲಲ್ಲಿ ನಿಂತು ‘ಇವತ್ತು ಯಾರೂ ಯಾರಿಗೂ ನೀರು ತರಬೇಡಿ. ನಿಮ್ಮ ನಿಮ್ಮ ರೇಸು ನೀವು ಓಡಿ’ ಎಂದುಬಿಟ್ಟರು. ನನಗೆ ದಿಕ್ಕೇ ತೋಚಲಿಲ್ಲ! ಕೈಗೂಸನ್ನು ಎತ್ತಿಕೊಂಡೇ ತಿರುಗಿದವಳಿಗೆ ಮಗುವನ್ನು ಕೆಳಗಿಳಿಸಿದ ಮೇಲೂ ಸೊಂಟ ವಾಲಿಯೇ ಇರುತ್ತದಲ್ಲ, ಹಾಗೆ. ಮೊದಲ ಗುಡ್ಡದವರೆಗೂ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ, ಯಾರಿಗೆ ಏನು ಬೇಕೋ ಎಂದು. ಆಮೇಲೆ ಬಯಲಿನಲ್ಲಿ ಅಡ್ಡಗಾಳಿ ಬೀಸತೊಡಗಿ ಗುಂಪು ಚೂರುಚೂರಾಯಿತು. ಗಾಳಿ ನನಗೆ ಹೊಸದಲ್ಲ ನೋಡಿ, ಅದನ್ನು ತಿಂದೇ ಬೆಳೆದವಳು. ಕೊನೆಯ ಏರು ಹತ್ತಿ ಮುಗಿಸಿದಾಗ ಎಲ್ಲರಿಗಿಂತ ಮುಂದೆ ಉಳಿದವರು ನಾನೂ ಸೇರಿ ಇಬ್ಬರೇ. ಇನ್ನೊಬ್ಬಳು ಯಾರೆಂದು ತಿರುಗಿ ನೋಡಬೇಕಾಗಿರಲಿಲ್ಲ. ಆ ಉಸಿರಿನ ಸದ್ದನ್ನು ನನ್ನ ಬೆನ್ನೇ ಗುರುತು ಹಿಡಿಯುತ್ತದೆ.

ಬೇರೆ ಬಣ್ಣದ ಜೆರ್ಸಿಯಲ್ಲಿ ಕೊಕ್ಕರೆ ನನ್ನ ಪಕ್ಕಕ್ಕೆ ಬಂದಳು. ‘ಮಗಳು ಹೇಗಿದಾಳೆ?’ ಎಂದಳು. ‘ಹಲ್ಲು ಅಲ್ಲಾಡ್ತಿದೆ’ ಎಂದೆ. ಅಷ್ಟೇ ಮಾತು. ಸಂಬಳದ ಸಂಗತಿ ಗೊತ್ತಾಯಿತು ಎನ್ನಬೇಕೆಂದುಕೊಂಡೆ, ಉಸಿರು ಸಾಲಲಿಲ್ಲ. ಸರದಿಯ ಮೇಲೆ ಗಾಳಿಗೆ ಮುಖ ಕೊಡುತ್ತಾ ಊರೊಳಗೆ ಬಂದೆವು. ಇಕ್ಕೆಲದ ಅಂಗಡಿಗಳ ಮುಂದೆ ಜನ ಡಬ್ಬ ಬಡಿಯುತ್ತಿದ್ದರು. ಕೊನೆಯ ಓಟದಲ್ಲಿ ಅವಳು ನನಗಿಂತ ಚುರುಕು ಎಂದು ಇಬ್ಬರಿಗೂ ಗೊತ್ತು. ಅದಕ್ಕೇ ತಿರುವಿನಲ್ಲಿ, ಎಲ್ಲರೂ ಬ್ರೇಕು ಹಿಡಿಯುವ ಕಡೆ, ನಾನು ಬ್ರೇಕು ಮುಟ್ಟದೆ ನುಗ್ಗಿದೆ. ನೀವು ನೋಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಿರಿ. ಅತ್ತೆ, ನನ್ನ ಮುಂದೆ ಖಾಲಿ ರಸ್ತೆ ಇತ್ತು. ಯಾರಿಗೂ ದಾರಿ ಬಿಡಬೇಕಾಗಿರಲಿಲ್ಲ. ಗೆದ್ದೇಬಿಟ್ಟೆ ಅಂದುಕೊಂಡೆ. ಗೆರೆ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಅವಳು ಬಂದು ಒಂದು ಟೈರಿನ ಅಗಲದಷ್ಟು ಮುಂದಾದಳು.

ಎರಡನೆಯವಳಾದೆ. ಹುಟ್ಟಿದ ಮೇಲೆ ನನಗಾಗಿ ನಾನು ಓಡಿದ ಮೊದಲ ರೇಸಿನಲ್ಲಿ ಎರಡನೆಯವಳು. ಜಗಲಿಯಂಥ ಒಂದು ಕಟ್ಟೆ ಸಿಕ್ಕಿತು, ಅದರ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಅಳುತ್ತಲೇ ನಗು ಬರುತ್ತಿತ್ತು. ಕೊಕ್ಕರೆ ಬಹುಮಾನ ತೆಗೆದುಕೊಂಡವಳೇ ನಮ್ಮ ವ್ಯಾನಿನ ಹಿಂದೆ ಬಂದು ನನ್ನ ಟವೆಲಿನಲ್ಲೇ ಮುಖ ಒರೆಸಿಕೊಂಡಳು. ‘ಬಿಟ್ಟುಕೊಟ್ಟುಬಿಡ್ಲಾ ಅಂತ ಒಂದು ಕ್ಷಣ ಅನ್ನಿಸ್ತು ಕಣೇ. ಬಿಟ್ಟುಕೊಟ್ಟಿದ್ರೆ ನೀನು ಈ ಜನ್ಮದಲ್ಲಿ ನನ್ನ ಮಾತಾಡಿಸ್ತಿರಲಿಲ್ಲ, ಅಲ್ವಾ?’ ಎಂದಳು. ‘ಒದೀತಿದ್ದೆ’ ಎಂದೆ. ಆಮೇಲೆ ಸಂಬಳದ ಮಾತು ತೆಗೆದೆ. ಅವಳು ಟವೆಲನ್ನು ಮುಖದ ಮೇಲಿಂದ ಇಳಿಸಲೇ ಇಲ್ಲ. ನಮ್ಮ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಅವಳನ್ನು ಸುಮ್ಮನೆ ತಬ್ಬಿಕೊಂಡು ಹೋದರು. ಜಾಣೆ ಎಂದು ಆಡಿಕೊಂಡವಳು ಎಲ್ಲರಿಗಿಂತ ಹೆಚ್ಚು ಹೊತ್ತು.

ಸಂಜೆಯೊಳಗೆ ನನ್ನನ್ನು ಇಬ್ಬರು ಹುಡುಕಿಕೊಂಡು ಬಂದರು. ಒಂದು, ಕೊಕ್ಕರೆಯ ದೊಡ್ಡ ತಂಡ. ಒಳ್ಳೆಯ ಸಂಬಳ, ಕೆಲಸ ಅದೇ ಹಳೆಯದು. ಇನ್ನೊಂದು, ಕನ್ನಡಕ ತಯಾರಿಸುವ ಒಂದು ಕಂಪನಿ ಹೊಸದಾಗಿ ಕಟ್ಟುತ್ತಿರುವ ಪುಟ್ಟ ತಂಡ. ಸಂಬಳ ಕಡಿಮೆ, ಆದರೆ ನಾಯಕಿ ನಾನೇ, ಎರಡು ವರ್ಷದ ಒಪ್ಪಂದ. ಹೆಂಗಸರಿಗೆಂದೇ ಕಟ್ಟುವ ತಂಡವಾದ್ದರಿಂದ ನಮ್ಮನ್ನು ಕೈಬಿಟ್ಟು ಉಳಿಸಿಕೊಳ್ಳಲು ಗಂಡಸರ ತಂಡ ಅವರಲ್ಲಿ ಇಲ್ಲ! ನಾನು ದೊಡ್ಡ ತಂಡದ ಕಡೆಗೇ ವಾಲಿದ್ದೆ. ಗೆಳತಿ ಸಿಗುತ್ತಾಳೆ, ಮನೆಗೂ ನಾಲ್ಕು ಕಾಸು ಹೆಚ್ಚು. ‘ನಮ್ಮ ತಂಡಕ್ಕೆ ಬರಬೇಡ. ಬಂದ್ರೆ ಮತ್ತೆ ನನಗೆ ನೀರು ತಂದುಕೊಡ್ತೀಯ, ನಾನೂ ನಾಚಿಕೆ ಇಲ್ಲದೆ ಕುಡೀತೀನಿ’ ಎಂದು ಬೇಡವೆಂದವಳು ಕೊಕ್ಕರೆಯೇ. ಆ ರಾತ್ರಿ ನಿಮ್ಮದೇ ಮಾತು ನೆನಪಾಯಿತು. ಪುಟ್ಟ ಮಗುವನ್ನು ಬಿಟ್ಟು ಸೈಕಲ್ ತುಳಿಯಲು ಹೋಗುತ್ತಾಳೆ ಎಂದು ಪಕ್ಕದ ಮನೆಯವರು ಅಂದ ದಿನ ನಾನು ಎಲ್ಲ ಬಿಟ್ಟುಬಿಡುತ್ತೇನೆ ಎಂದು ಕೂತಿದ್ದೆ. ನೀವು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ‘ಬಿಡೋದಾದ್ರೆ ನಿನಗೆ ಸಾಕಾದಾಗ ಬಿಡು. ಯಾರೋ ಏನೋ ಅಂದ್ರು ಅಂತ ಬಿಡಬೇಡ’ ಎಂದಿರಿ. ನನಗೆ ಇನ್ನೂ ಸಾಕಾಗಿಲ್ಲ ಅತ್ತೆ. ಕನ್ನಡಕದವರಿಗೆ ಆಗಲಿ ಎಂದಿದ್ದೇನೆ.

ನಿಮ್ಮ ಮಗನಿಗೆ ಮಾತ್ರ ಫೋನಿನಲ್ಲಿ ಹೇಳಿದ್ದೇನೆ, ಕಾಗದ ಮುಟ್ಟುವವರೆಗೆ ನಿಮಗೆ ಹೇಳಬೇಡಿ ಎಂದಿದ್ದೇನೆ. ‘ನೀನು ಮುಂದೆ ಓಡಿದ್ದನ್ನ ನೋಡೋಕೆ ನಾನಿರಲಿಲ್ವಲ್ಲೇ’ ಎಂದು ಅದನ್ನೇ ಹತ್ತು ಸಲ ಹೇಳಿಕೊಂಡರು. ಗುರುವಾರ ಬರುತ್ತೇನೆ. ಚಿನಕುರುಳಿಯ ಎರಡು ಕೆನ್ನೆಗೂ ನನ್ನ ಮುತ್ತು, ಬೇಡ ಎಂದು ಒರೆಸಿಕೊಂಡರೆ ಇನ್ನೆರಡು. ಎಲ್ಲಿದ್ದರೂ ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ಇಂತಿ,
ನಿಮ್ಮ ಹಟಮಾರಿ ಸೊಸೆ

ಮರೆತ ಮಾತು: ವ್ಯಾನಿನವರು ಹಾರ್ನ್ ಹೊಡೆಯುತ್ತಿದ್ದಾರೆ, ನಾನು ಮುಖ್ಯವಾದದ್ದನ್ನೇ ಬರೆದಿಲ್ಲ. ಬಾಯಲ್ಲಿ ಒಪ್ಪಿದ್ದೇನೆ, ಸಹಿ ಇನ್ನೂ ಹಾಕಿಲ್ಲ. ಹೊಸ ತಂಡದ ಮನೆಯಲ್ಲಿ ಮಗುವನ್ನು ಇಟ್ಟುಕೊಳ್ಳಬಹುದು, ಜೊತೆಗೆ ಮನೆಯ ಹಿರಿಯರೊಬ್ಬರೂ ಇರಬಹುದು. ರೈಲ್ವೆ ಸ್ಟೇಷನ್ನಿಗೆ ಹತ್ತಿರ, ನಿಮ್ಮ ಮಗ ರಜೆ ಸಿಕ್ಕಾಗಲೆಲ್ಲ ಬರಬಹುದು. ನಿಮಗೆ ನಿಮ್ಮ ಹೊಲಿಗೆ ಅಂಗಡಿಯಿದೆ, ಗಿರಾಕಿಗಳಿದ್ದಾರೆ. ಬೇಡವೆನಿಸಿದರೆ ಬೇಡ ಎನ್ನಿ, ನನಗೋಸ್ಕರ ಹೂಂ ಅನ್ನಬೇಡಿ, ಬೇರೆ ದಾರಿ ನೋಡೋಣ. ಆದರೆ ಕೋಣೆ ಯಾರ್ಯಾರಿಗೆ ಎಂದು ಆ ತಂಡದವರು ಕೇಳಿದಾಗ ‘ನನಗೆ, ನನ್ನ ಮಗಳಿಗೆ, ನಮ್ಮಮ್ಮನಿಗೆ’ ಎಂದೆ. ಅತ್ತೆಗೆ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಅದು. ತಿದ್ದಬೇಕು ಅನ್ನಿಸಲಿಲ್ಲ.